ಚಕ್ಕುಲಿ ಡಬ್ಬಿಯಲ್ಲಿಟ್ಟ ಫೋನು

ಅಜ್ಜಂಪುರದ ಓಂಕಾರಮೂರ್ತಿಯ ಗಂಟಲು ಎಂಥದ್ದೆಂದರೆ, ಅವನು ಮೈಕು ಹಿಡಿದು "ಹಲೋ, ಚೆಕ್" ಅಂದರೆ ಕಡೂರು ಬಸ್ ಸ್ಟ್ಯಾಂಡಿನಲ್ಲಿ ತೂಕಡಿಸುತ್ತಿದ್ದ ಕಂಡಕ್ಟರು ಎದ್ದು ಸೀಟಿ ಊದುತ್ತಿದ್ದ. ಮೈಕಿಲ್ಲದಿದ್ದರೆ ತರೀಕೆರೆಯ ತನಕ ಮಾತ್ರ ಕೇಳುತ್ತಿತ್ತು.

ಮೂವತ್ತೆರಡು ವರ್ಷ ಅವನು ಮೈಕ್ ಸೆಟ್ ಬಾಡಿಗೆಗೆ ಕೊಟ್ಟು ಬದುಕಿದವನು. ಮದುವೆ, ಮಠದ ಸಭೆ, ಚುನಾವಣೆ ಯಾವುದಕ್ಕೂ ಅವನ ವೈರು ಎಳೆಯದೆ ಕೆಲಸ ಸುರುವಾಗುತ್ತಿರಲಿಲ್ಲ. ಆಮೇಲೆ ಡೀಜೆಗಳು ಬಂದವು. ಅವನ ಕಹಳೆ ಸ್ಪೀಕರುಗಳಲ್ಲಿ ಕೋಳಿಗಳು ಮೊಟ್ಟೆಯಿಟ್ಟವು. ಅವು ಒಡೆದು ಬಂದ ಮರಿಗಳು ಚಿಲಿಪಿಲಿ ಅನ್ನುವ ಬದಲು "ಹಲೋ ಹಲೋ" ಅಂದವೆಂದು ಅವನೇ ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಅರವತ್ತರ ಹೊಸ್ತಿಲಲ್ಲಿ ತಂಗಿಯ ಮಗಳು ಮಧುಶ್ರೀ ಒಂದು ಪುಟ್ಟ ಮೈಕು, ಹಳೆಯ ಲ್ಯಾಪ್‌ಟಾಪು ತಂದುಕೊಟ್ಟು, "ಮಾಮ, ಪಾಡ್‌ಕಾಸ್ಟ್ ಮಾಡು. ರೇಡಿಯೋ ಇದ್ದಂಗೆ ಅಷ್ಟೇ, ಜನ ಫೋನಲ್ಲಿ ಕೇಳ್ತಾರೆ" ಅಂದಳು. ಸ್ಪೀಕರು ಇಡುತ್ತಿದ್ದ ಗೋದಾಮಿನ ಗೋಡೆಗಳಿಗೆ, ದನಿ ಮಾರ್ದನಿಸದಿರಲೆಂದು, ಹೆಂಡತಿ ಗುರುಶಾಂತಮ್ಮನ ಕೌದಿಗಳು ಏರಿದವು. 'ಮೂರು ತಾಲ್ಲೂಕಿನ ಮಹಾನುಭಾವರು' ಎಂಬ ಕಾರ್ಯಕ್ರಮ ಹುಟ್ಟಿತು. ಕಡೂರು, ತರೀಕೆರೆ, ಅಜ್ಜಂಪುರದ ಉದ್ಯಮಿಗಳು, ತಂತ್ರಜ್ಞಾನದವರು ಒಬ್ಬೊಬ್ಬರಾಗಿ ಬಂದು ಕೌದಿಗಳ ನಡುವೆ ಕೂತು ತಮ್ಮ ಕಥೆ ಹೇಳಿದರು. ಅಡಿಕೆ ಸುಲಿಯುವ ಮಿಷನ್ ಮಾಡಿದವರು ಬಂದರು, ಕೊಬ್ಬರಿ ಧಾರಣೆ ತಿಳಿಸುವ ಆ್ಯಪ್ ಮಾಡಿದವರು ಬಂದರು. ಔಷಧಿ ಹೊಡೆಯುವ ಡ್ರೋನಿನವನನ್ನು ಓಂಕಾರಮೂರ್ತಿ ಪರಿಚಯಿಸಿದ್ದು ಹೀಗೆ: "ಇವರ ಡ್ರೋನು ನಾಲ್ಕು ಸುತ್ತು ಹೊಡೆದರೆ ಹೆಬ್ಬೆ ಫಾಲ್ಸಿನ ನೀರು ಗಾಬರಿ ಬಿದ್ದು ವಾಪಸ್ ಮೇಲಕ್ಕೆ ಹತ್ತುತ್ತೆ!" ಕೇಳುವವರು ಹನ್ನೆರಡು ಸಾವಿರ ಮಂದಿಯಾದರು. ಅವರು ಬರುತ್ತಿದ್ದದ್ದು ಮಹಾನುಭಾವರಿಗಾಗಿ ಅಲ್ಲ, ಹೆಬ್ಬೆಯ ನೀರಿಗಾಗಿ.

ಅವನಿಗೆ ಎರಡು ಕಟ್ಟುಪಾಡುಗಳಿದ್ದವು. ಒಂದು, ಮಾತುಕತೆ ಶುರುವಾಗುವ ಮುಂಚೆ ಅತಿಥಿಯ ಫೋನು ಗುರುಶಾಂತಮ್ಮನ ಸ್ಟೀಲಿನ ಚಕ್ಕುಲಿ ಡಬ್ಬಿಯೊಳಗೆ ಹೋಗಬೇಕು. ಇನ್ನೊಂದು, ಅತಿಥಿ ಅಳಿಸು ಅಂದದ್ದನ್ನು ಯಾಕೆಂದು ಕೇಳದೆ ಅಳಿಸುವುದು. ಇದು ಮೈಕ್ ಸೆಟ್ಟಿನ ಕಾಲದ್ದು. ಒಂದು ನಿಶ್ಚಿತಾರ್ಥದಲ್ಲಿ ಅವನು ಮೈಕು ಆಫ್ ಮಾಡುವುದು ಮರೆತು, ಗಂಡಿನ ಚಿಕ್ಕಪ್ಪ ಹೆಣ್ಣಿನ ಬಣ್ಣದ ಬಗ್ಗೆ ಪಿಸುಗುಟ್ಟಿದ್ದು ಊರಿಗೆಲ್ಲ ಕೇಳಿ ಸಂಬಂಧ ಮುರಿದಿತ್ತು. ತಪ್ಪಿ ಮೈಕಿಗೆ ಬಿದ್ದ ಮಾತು ಮೈಕಿನವನದಲ್ಲ ಎಂದು ಅವನು ಅಂದೇ ತೀರ್ಮಾನಿಸಿಬಿಟ್ಟಿದ್ದ.

ಕಾಂತರಾಜ್ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಕಡೂರಿನಿಂದ ಸಖರಾಯಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ಅವನ ಕಾರ್ಖಾನೆ; ತೆಂಗಿನ ಮಟ್ಟೆ ಬಡಿದು ನಾರು ತೆಗೆಯುವುದು. ಮಿಷನ್ನುಗಳನ್ನೆಲ್ಲ ಅವನು ಮೊಬೈಲಿನಿಂದಲೇ ನಡೆಸುತ್ತಾನೆ ಎಂಬುದು ಸುದ್ದಿಯಾಗಿತ್ತು. ದನಿಯ ಮಟ್ಟ ನೋಡಲು ಓಂಕಾರಮೂರ್ತಿ ಎಂದಿನಂತೆ ರೆಕಾರ್ಡಿಂಗ್ ಒತ್ತಿ, "ಬೆಳಿಗ್ಗೆ ಏನ್ ತಿಂದ್ರಿ ಹೇಳಿ" ಅಂದ.

"ಅಕ್ಕಿರೊಟ್ಟಿ ಕಣಣ್ಣ" ಅನ್ನುವಷ್ಟರಲ್ಲಿ ಕಾಂತರಾಜನ ಫೋನು ಬಡಿದುಕೊಂಡಿತು. "ನಮ್ ಬಸವರಾಜ. ಮಿಷನ್ ನೋಡ್ಕಳೋನು. ನೀವೂ ಕೇಳಿ, ಫ್ಯಾಕ್ಟರಿ ಹೆಂಗೆ ನಡೀತದೆ ಅಂತ" ಎಂದು ಸ್ಪೀಕರಿಗೆ ಹಾಕಿದ.

"ಸಾ, ಮಟ್ಟೆ ಸಿಕ್ಕಾಕ್ಕಂಡೈತೆ. ಮಿಷನ್ ನಿಲ್ಸಿ ಮುಚ್ಚಳ ಬಿಚ್ಚಿದೀನಿ. ಒಂದ್ ಹತ್ ನಿಮಿಷ ಬೇಕು ಸಾ, ಕೈ ಹಾಕೇ ತೆಗೀಬೇಕು."

"ನಿಲ್ಸು ಅಂತ ಯಾವನ್ಲಾ ಹೇಳಿದ್ದು? ಲಾರಿ ಬಂದು ನಿಂತೈತೆ. ಹತ್ ನಿಮಿಷನೂ ಇಲ್ಲ, ಗಿತ್ ನಿಮಿಷನೂ ಇಲ್ಲ!"

"ಸಾ, ಒಸಿ ತಡೀರಿ ಸಾ..."

ಕಾಂತರಾಜ್ ಫೋನ್ ಕತ್ತರಿಸಿದ. ಇತ್ತ ತಿರುಗಿ ನಕ್ಕ. "ನೋಡ್ತಿರಿ ಓಂಕಾರಣ್ಣ. ಮಿಷನ್ ನಲವತ್ತು ಕಿಲೋಮೀಟರ್ ಆಚೆ. ಹೆಬ್ಬೆಟ್ಟು ಇಲ್ಲಿ."

ಒತ್ತಿದ. ಫೋನು ಟಿಣ್ ಅಂದಿತು. ಪರದೆಯ ಮೇಲೆ ಹಸಿರು ಚುಕ್ಕಿ ಹತ್ತಿಕೊಂಡಿತು.

ಫೋನು ಚಕ್ಕುಲಿ ಡಬ್ಬಿಗೆ ಹೋಯಿತು. ಸಂದರ್ಶನ ಒಂದು ಗಂಟೆ ಹತ್ತು ನಿಮಿಷ ಸೊಗಸಾಗಿ ನಡೆಯಿತು. ಡಬ್ಬಿಯೊಳಗೆ ಮಾತ್ರ ಏನೋ ಜೀರುಂಡೆಯ ಹಾಗೆ ಗುಂಯ್‌ಗುಡುತ್ತಲೇ ಇತ್ತು. ಓಂಕಾರಮೂರ್ತಿ ಎದ್ದು ಡಬ್ಬಿಯ ಮೇಲೊಂದು ದಿಂಬು ಹಾಕಿ ಬಂದ. ಮುಗಿದ ಮೇಲೆ ಮುಚ್ಚಳ ತೆಗೆದರೆ ಹದಿನಾಲ್ಕು ಕರೆ.

ಬಸವರಾಜನ ಬಲಗೈ ಭುಜದವರೆಗೆ ಹೋಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವವೂ ಹೋಗಿತ್ತು.

ಮೂರನೆಯ ದಿನ ಕಾಂತರಾಜನ ಫೋನು ಬಂತು. "ಓಂಕಾರಣ್ಣ, ಶುರೂನಲ್ಲಿ ನಾಲ್ಕು ನಿಮಿಷ ಐತಲ್ಲ, ಸುಮ್ನೆ ಹರಟೆ. ತೆಗ್ದಾಕ್ಬಿಡಿ. ಆ ಹುಡುಗ ಕುಡ್ಕಂಡ್ ಬಂದು ತಾನೇ ಮಿಷನ್ ಹಾಕ್ಕಂಡು ಕೈ ಕೊಟ್ಟವ್ನೆ. ಏನ್ ಮಾಡಾಕಾಯ್ತದೆ."

ಓಂಕಾರಮೂರ್ತಿ ಯಾಕೆಂದು ಕೇಳಲಿಲ್ಲ. ನಾಲ್ಕು ನಿಮಿಷವನ್ನು ಅಳಿಸಿದ, ಕಸದ ಬುಟ್ಟಿಯಿಂದಲೂ ಅಳಿಸಿದ. ಅದೇನೆಂದು ಆಗ ಅವನಿಗೆ ಹೊಳೆಯಲಿಲ್ಲ ಅಂತ ಹೇಳಬಹುದಿತ್ತು. ಆದರೆ ಅದು ಹೆಬ್ಬೆಯ ನೀರಿಗಿಂತ ದೊಡ್ಡ ಸುಳ್ಳಾದೀತು.

ಐದನೆಯ ದಿನ ಮಧ್ಯಾಹ್ನ ಬಸವರಾಜನ ಹೆಂಡತಿ ಭವ್ಯ ಬಸ್ಸಿಳಿದು ಕೇಳಿಕೊಂಡು ಬಂದಳು. ಕೈಯಲ್ಲಿ ಗಂಡನ ಫೋನು, ಗಾಜು ಒಡೆದದ್ದು. ಕೂರು ಅಂದರೂ ಕೂರಲಿಲ್ಲ.

"ಅಣ್ಣಾ, ಇಲ್ಲಿ ನೋಡಿ. ಹತ್ತೂ ನಲವತ್ತೆರಡು. ಓನರ್‌ಗೆ ಮಾಡವ್ರೆ, ಎರಡು ನಿಮಿಷ ಮಾತಾಡವ್ರೆ. ಆವಾಗ ಓನರು ನಿಮ್ಮನೇಲೇ ಇದ್ರಂತೆ. ಏನ್ ಮಾತಾಡಿದ್ರು?"

ಓಂಕಾರಮೂರ್ತಿಯ ಗಂಟಲು, ಕಡೂರಿಗೆ ಕೇಳುವ ಆ ಗಂಟಲು, ಎದುರಿಗೆ ನಿಂತವಳಿಗೂ ಕೇಳದಷ್ಟಾಯಿತು. "ಅದು... ನೋಡ್ಬೇಕು ಕಣಮ್ಮ."

"ಕುಡ್ದಿದ್ರು ಅಂತಾವ್ರೆ. ಹನುಮಂತ್ರಾಯನ ಆಣೆ ಅಣ್ಣಾ, ಮದ್ವೆ ಆದಾಗಿಂದ ಮುಟ್ಟಿಲ್ಲ. ಪೋಸ್ಟ್‌ಮಾರ್ಟಂ ವರದಿ ಬರಾಕೆ ಎಷ್ಟು ತಿಂಗ್ಳೋ. ಈ ಮಾತು ಮಾತ್ರ ಒಂದೇ ದಿನಕ್ಕೆ ಊರೆಲ್ಲ ಬಂದುಬಿಡ್ತು. ನಮ್ಮತ್ತೆ ಬಾಗ್ಲಿಂದ ಆಚೆ ಬರ್ತಿಲ್ಲ." ಅವಳು ಗೋಡೆಯ ಕೌದಿಗಳನ್ನು ನೋಡಿದಳು. "ಅವ್ರು ನಿಮ್ ಪ್ರೋಗ್ರಾಮ್ ಕೇಳ್ಕಂಡೇ ಊಟ ಮಾಡೋರು. ನಗೋರು. ಆ ರೆಕಾರ್ಡಲ್ಲಿ ಅವ್ರ ದನಿ ಐತಾ ಅಣ್ಣಾ?"

"ಇತ್ತು" ಅಂದ ಓಂಕಾರಮೂರ್ತಿ. ಅಂದ ಮೇಲೆ ಸುಳ್ಳಿಗೆ ದಾರಿಯೇ ಉಳಿಯಲಿಲ್ಲ. "ಅಳಿಸ್ಬಿಟ್ಟೆ ಕಣಮ್ಮ."

ಅವಳು ಬಯ್ಯಲಿಲ್ಲ. ಒಡೆದ ಫೋನನ್ನು ಸೆರಗಿಗೆ ಒರೆಸಿಕೊಂಡಳು. "ನೀವು ಕೇಳಿಸ್ಕಂಡಿದೀರಲ್ಲ" ಅಂದು ಹೊರಟುಹೋದಳು.

ಮಾರನೆಯ ದಿನ ಅವನು ಕಡೂರಿಗೆ ಹೋಗಿ, ತನಿಖೆಯ ಅಧಿಕಾರಿಯ ಮುಂದೆ ಬಸವರಾಜ ಅಂದದ್ದು, ಕಾಂತರಾಜ್ ಒತ್ತಿದ್ದು ಹೇಳಿದ. ಅಧಿಕಾರಿ ಮರ್ಯಾದಸ್ಥ. ಹೇಳಿಕೆ ಬರೆದುಕೊಂಡು, ಪೆನ್ನಿನ ಕ್ಯಾಪು ಹಾಕಿ ಹೇಳಿದರು: "ಓಂಕಾರಣ್ಣ, ನಮ್ಮನೇಲೂ ನಿಮ್ ಪ್ರೋಗ್ರಾಮ್ ಬಿಡಲ್ಲ. ಕಾಂತರಾಜ್ ಫೋನಲ್ಲೂ ಏನೂ ಉಳ್ದಿಲ್ಲ. ರೆಕಾರ್ಡಿಂಗ್ ಇದ್ದಿದ್ರೆ ಮಾತೇ ಬೇರೆ ಇತ್ತು. ಈಗ ಕೋರ್ಟಲ್ಲಿ ಎದುರಿನ ಲಾಯರು ಮೊದ್ಲು ಕೇಳೋದೇ ಹೆಬ್ಬೆ ನೀರಿನ ವಿಷ್ಯ. ಏನು ಹೇಳ್ತೀರಿ?"

ಓಂಕಾರಮೂರ್ತಿಗೆ ಆಗ ಒಂದೇ ದಾರಿ ಕಂಡದ್ದು, ತನಗೆ ಗೊತ್ತಿದ್ದ ದಾರಿ. ಮನೆಗೆ ಬಂದು ಮೈಕಿನ ಮುಂದೆ ಒಬ್ಬನೇ ಕೂತ. ಉಪ್ಪು ಖಾರ ಹಚ್ಚದೆ, ಒಂದು ಅಕ್ಷರ ಹೆಚ್ಚಿಸದೆ, ಆ ನಾಲ್ಕು ನಿಮಿಷದಲ್ಲಿ ಅವರಿಬ್ಬರು ಆಡಿದ್ದನ್ನು ಇದ್ದ ಹಾಗೇ ಹೇಳಿದ. ಬಸವರಾಜನ ಮಾತು ಬಂದಾಗ ಬಸವರಾಜನ ದನಿ ತಾನಾಗಿ ಬಂತು. ಕಾಂತರಾಜನದೂ ಬಂತು. ಮೂವತ್ತೆರಡು ವರ್ಷ ಮೂರು ತಾಲ್ಲೂಕಿನ ದನಿಗಳನ್ನು ಕೇಳಿದ ಕಿವಿಗೆ ಅದೇನು ದೊಡ್ಡದಲ್ಲ.

ಸಂಜೆಯೊಳಗೆ ನಾಲ್ಕು ಸಾವಿರ ಜನ ಕೇಳಿದರು. ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. 'ಅಣ್ಣನ ಮಿಮಿಕ್ರಿಗೆ ಸಾಟಿ ಇಲ್ಲ.' 'ಮುಚ್ಚಳ ಬಿಚ್ಚಿದ ಮಿಷನ್ನನ್ನು ಮೊಬೈಲಲ್ಲಿ ಚಾಲೂ ಮಾಡೋದಾ! ಸ್ವಾಮಿ, ಬುರುಡೆಗೂ ಒಂದು ಮಿತಿ ಬೇಡವೇ?' ಎಲ್ಲಕ್ಕಿಂತ ಕೆಳಗೆ ಕಾಂತರಾಜ್ ತಾನೇ ಬರೆದಿದ್ದ: 'ನನ್ನ ದನಿ ಥೇಟ್ ಹಂಗೇ ಐತೆ ಓಂಕಾರಣ್ಣ.' ಪಕ್ಕದಲ್ಲಿ ಮುಗಿದ ಎರಡು ಕೈಗಳ ಚಿತ್ರ.

ಗುರುಶಾಂತಮ್ಮ ಅಡುಗೆಮನೆಯಿಂದಲೇ ಕೇಳಿದಳು. "ನಂಬಿದ್ರೇನ್ರೀ?"

"ಇಲ್ಲ ಕಣೇ. ನಕ್ಕರು."

"ನಗದೆ ಇನ್ನೇನು? ನೀವು ಅಳಿಸಿಟ್ಟಿರೋದು ಅದೊಂದೇನಾ?"

ಅವನು ತಿರುಗಿ ನೋಡಿದ. ಅಂದು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಅವಳು. ಎಲ್ಲ ಕೇಳಿಸಿಕೊಂಡಿದ್ದಳು. ಅಧಿಕಾರಿಯ ಮುಂದೆಯೂ ಮೈಕಿನ ಮುಂದೆಯೂ ಅವನು ಬಿಟ್ಟ ಮಾತು ಒಂದಿತ್ತು.

ಹನ್ನೊಂದನೆಯ ದಿನ ಬಸವರಾಜನ ತಿಥಿ. ಭವ್ಯ ಹೇಳಿಕಳಿಸಿದ್ದಳು: "ಬಂದು ಜನದ ಮುಂದೆ ಹೇಳಿ. ಅಷ್ಟು ಸಾಕು." ಓಂಕಾರಮೂರ್ತಿ ಎರಡು ಬಸ್ಸು ಬದಲಿಸಿ ಹೋದ. ಮನೆ ಮುಂದೆ ಚಪ್ಪರ, ಚಾಪೆಯ ಮೇಲೆ ನೆಂಟರು, ಕಾರ್ಖಾನೆಯ ನಾಲ್ಕೈದು ಜನ ಕೆಲಸಗಾರರು. ಬಾಗಿಲ ಒಳಗೆ, ಕತ್ತಲಲ್ಲಿ, ಬಸವರಾಜನ ತಾಯಿ ಪಾಪಮ್ಮ.

ಅವನನ್ನು ನೋಡಿದ ಒಬ್ಬ ಕೆಲಸಗಾರನ ತುಟಿಯಲ್ಲಿ ಅಭ್ಯಾಸಬಲದ ನಗು ಬಂತು. ಹಾಗೇ ಹೋಯಿತು.

ಮೈಕಿರಲಿಲ್ಲ. ಯಾರ ದನಿಯನ್ನೂ ತರದೆ, ತನ್ನದೇ ದನಿಯಲ್ಲಿ ಹೇಳಿದ. ಮಟ್ಟೆ ಸಿಕ್ಕಿಕೊಂಡದ್ದು, ಮುಚ್ಚಳ ಬಿಚ್ಚಿದ್ದು, ಹತ್ತು ನಿಮಿಷ ಕೇಳಿದ್ದು, ಲಾರಿ, ಹೆಬ್ಬೆಟ್ಟು. ಚಪ್ಪರದಲ್ಲಿ ಎಲೆ ಹಾಸುತ್ತಿದ್ದವರು ನಿಂತರು. ಯಾರೂ ನಗಲಿಲ್ಲ.

ಪಾಪಮ್ಮ ಹೊಸ್ತಿಲಿನವರೆಗೆ ಬಂದಳು. ಹನ್ನೊಂದು ದಿನದಲ್ಲಿ ಅದೇ ಮೊದಲು.

"ನನ್ ಮಗ ಮಿಷನ್ ನಿಲ್ಸಿದ್ನಾ ಯಜಮಾನ್ರೇ?"

"ನಿಲ್ಸಿದ್ದ ಕಣವ್ವ."

"ಮಾತು ತೊದಲ್ತಿತ್ತಾ?"

"ಇಲ್ಲ ಕಣವ್ವ. ನಿಮ್ ಮಾತಿನಷ್ಟೇ ನೆಟ್ಟಗಿತ್ತು."

ಮುದುಕಿ ತಲೆಯಾಡಿಸಿದಳು. ಭವ್ಯ ಸೆರಗು ಬಾಯಿಗೆ ಒತ್ತಿಕೊಂಡಳು. ಇಷ್ಟಕ್ಕೆ ಮುಗಿಸಿ ಊಟಕ್ಕೆ ಕೂರಬಹುದಿತ್ತು. ಓಂಕಾರಮೂರ್ತಿ ಇನ್ನೇನು ಕೈ ಮುಗಿಯಬೇಕು, ಪಾಪಮ್ಮ ಮತ್ತೆ ಕೇಳಿದಳು.

"ಓನರು ಅದನ್ನ ಒತ್ತುವಾಗ ನೀವು ಅಲ್ಲೇ ಇದ್ರಲ್ಲ. ಯಾಕಪ್ಪಾ ಸುಮ್ನಿದ್ರಿ?"

ಕೆಲಸಗಾರರು ಅವನ ಮುಖ ನೋಡಿದರು. ಓಂಕಾರಮೂರ್ತಿಗೆ ಆ ಟಿಣ್ ಸದ್ದು ಕೇಳಿಸಿತು, ಹಸಿರು ಚುಕ್ಕಿ ಕಂಡಿತು, ಅಂದು ಚಪ್ಪಾಳೆ ತಟ್ಟಿದ ತನ್ನವೇ ಎರಡು ಕೈಗಳೂ ಕಂಡವು.

"ಸುಮ್ನಿರ್ಲಿಲ್ಲ ಕಣವ್ವ" ಅಂದ. "ಭಲೇ ಅಂದೆ."