ಮೊಮ್ಮಗಳ ಬ್ಯಾಟರಿ ಕುರ್ಚಿಗೆ ನಾನು ನೀರು ಹೊಡೆದದ್ದು

ನಾನು ಓದಿದ್ದು ನಾಲ್ಕನೇ ಕ್ಲಾಸು. ಜಗಳೂರಿನಲ್ಲಿ ಮೂವತ್ತೆಂಟು ವರ್ಷ ಮೋಟಾರು ರಿವೈಂಡಿಂಗ್ ಅಂಗಡಿ ನಡೆಸಿದೆ. ಸುಟ್ಟ ಬೋರ್‌ವೆಲ್ ಮೋಟಾರಿನ ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವುದಕ್ಕೆ ರಿವೈಂಡಿಂಗ್ ಎನ್ನುತ್ತಾರೆ. ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ, ಕಳೆದ ವರ್ಷದ ದಸರೆಯಲ್ಲಿ ಬಂದ ಒಂದು ಕೇಸು ನನಗೆ ಎಲ್ಲಕ್ಕಿಂತ ದೊಡ್ಡದು. ಆ ಯಂತ್ರವನ್ನು ಕೆಡಿಸಿದವನೂ ನಾನೇ.

ಮೊಮ್ಮಗಳು ಕಾವ್ಯಳಿಗೆ ಹುಟ್ಟಿನಿಂದ ಕಾಲಿನಲ್ಲಿ ಶಕ್ತಿಯಿಲ್ಲ. ಪಿಯುಸಿ ಮೊದಲ ವರ್ಷ. ದಿನಾ ಅವಳಪ್ಪ ಬೈಕಿನಲ್ಲಿ ಕಾಲೇಜಿಗೆ ಕರೆದೊಯ್ದು, ಎತ್ತಿ ಬೆಂಚಿನ ಮೇಲೆ ಕೂರಿಸಿ ಬರುತ್ತಿದ್ದ. ದಸರೆ ರಜೆಯಲ್ಲಿ ಬ್ಯಾಟರಿ ವೀಲ್‌ಚೇರ್ ಬಂತು. ರಜೆ ಮುಗಿದ ಸೋಮವಾರ ಒಬ್ಬಳೇ ಬರುತ್ತೇನೆಂದು ಗೆಳತಿಯರಿಗೆಲ್ಲ ಹೇಳಿಬಿಟ್ಟಿದ್ದಳು.

ಕುರ್ಚಿಯ ಸೀಟಿನ ಕೆಳಗೆ ಎರಡು ಬ್ಯಾಟರಿ, ಹಿಂದಿನ ಗಾಲಿಗಳಿಗೆ ಒಂದೊಂದು ಮೋಟಾರು. ಬಲಗೈ ಹತ್ತಿರ ಜಾಯ್‌ಸ್ಟಿಕ್ ಎಂಬ ಕಡ್ಡಿ. ಎತ್ತ ತಳ್ಳಿದರೆ ಅತ್ತ ಹೋಗುತ್ತದೆ, ಕೈ ಬಿಟ್ಟರೆ ಬ್ರೇಕು ತಾನೇ ಹಿಡಿಯುತ್ತದೆ. ಮಗುಚದಂತೆ ಹಿಂಬದಿಗೆ ಎರಡು ಪುಟ್ಟ ಗಾಲಿ. ಮೋಟಾರಿನ ಪಕ್ಕ ಒಂದೊಂದು ಲಿವರ್. ಅವನ್ನು ಎತ್ತಿದರೆ ಕುರ್ಚಿಯನ್ನು ಕೈಯಿಂದ ತಳ್ಳಬಹುದು, ಆದರೆ ಆಗ ಬ್ರೇಕೂ ಇರುವುದಿಲ್ಲ. ಈ ಕೊನೆಯ ಮಾತು ಆಗ ನನಗೆ ತಿಳಿದಿರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಬೈಕಿನ ಜೊತೆ ಕುರ್ಚಿಯನ್ನೂ ಅಂಗಳಕ್ಕೆ ತಳ್ಳಿಕೊಂಡು ಬಂದು ಪೈಪು ಹಿಡಿದೆ.

"ಏನ್ರೀ, ಕರೆಂಟಿನ ಸಾಮಾನದು!" ಎಂದಳು ನನ್ನ ಹೆಂಡತಿ ಗಂಗಮ್ಮ.

"ಏಳ್ನೂರಡಿ ಆಳದಾಗೆ, ನೀರಾಗೆ ಮುಳುಗಿ ಓಡೋ ಮೋಟಾರು ಕಟ್ಟಿದೋನು ನಾನು. ನಂಗೇ ಹೇಳಾಕೆ ಬರ್ತೀಯ?"

ತೊಳೆದೆ, ವಿಭೂತಿ ಹಚ್ಚಿದೆ, ಚೆಂಡುಹೂ ಕಟ್ಟಿದೆ. ಗಾಲಿಗೆ ನಿಂಬೆಹಣ್ಣು ಇಟ್ಟು, ಕಾವ್ಯಳನ್ನು ಕೂರಿಸಿ, "ಓಡ್ಸವ್ವ" ಎಂದೆ. ಕಡ್ಡಿಯ ಬುಡದ ಡಬ್ಬಿಯ ಮೇಲಿನ ದೀಪ ಸಹ ಹತ್ತಲಿಲ್ಲ. ನಿಂಬೆಹಣ್ಣು ಇಟ್ಟ ಹಾಗೇ ಇತ್ತು.

ಬೋರ್‌ವೆಲ್ ಮೋಟಾರು ನೀರಿಗೆಂದೇ ಮಾಡಿದ್ದು. ಈ ಕಡ್ಡಿಯ ಡಬ್ಬಿಯೊಳಗಿರುವುದು ಮೊಬೈಲಿನಂಥ ಬೋರ್ಡು. ಬ್ಯಾಟರಿ ವೈರು ಬಿಡಿಸಿ, ಡಬ್ಬಿಯನ್ನು ಎರಡು ದಿನ ಫ್ಯಾನಿನ ಕೆಳಗೆ ಒಣಗಿಸಿದೆ. ಎರಡು ದಿನವೂ ಕಾವ್ಯ ನನ್ನ ಕಡೆ ಬೆನ್ನು ಹಾಕಿ, ಕುರ್ಚಿಯ ಜೊತೆ ಬಂದ ಪುಸ್ತಕ ಓದುತ್ತ ಕೂತಳು.

ಭಾನುವಾರ ಸಂಜೆ ಜೋಡಿಸಿದೆ. ದೀಪ ಬಂತು, ಆದರೆ ಮಿಣುಕತೊಡಗಿತು, ಕುರ್ಚಿ ಕದಲಲಿಲ್ಲ. ಮೋಟಾರೇ ಸುಟ್ಟಿರಬೇಕೆಂದು ಸ್ಪ್ಯಾನರ್ ತೆಗೆದೆ.

"ಬಿಚ್ಚಬ್ಯಾಡ ಅಜ್ಜಾ! ದೀಪ ಎಷ್ಟ್ ಸಲ ಮಿಣುಕ್ತೈತೆ, ಎಣಿಸು."

"ಎಣಿಸಿದ್ರೆ ಓಡ್ತೈತಾ?"

"ಎಣಿಸಜ್ಜ ಅಂದ್ರೆ!"

ಒಂಬತ್ತು ಸಲ. ಅದೇ ಪುಸ್ತಕ ತಿರುವಿದಳು. ಕುರ್ಚಿ ತನ್ನ ರೋಗವನ್ನು ಮಿಣುಕಿ ಹೇಳುತ್ತದಂತೆ. ಒಂಬತ್ತು ಎಂದರೆ ಬ್ರೇಕು.

"ಲಿವರ್ ಹೆಂಗೈತೆ ನೋಡು."

ಅಂಗಳಕ್ಕೆ ತಳ್ಳಲು ನಾನು ಎತ್ತಿದ ಎರಡೂ ಲಿವರ್ ಇನ್ನೂ ಎತ್ತಿದಂತೆಯೇ ಇದ್ದವು. ಇಳಿಸಿದೆ. ಅವಳು ಆಫ್ ಮಾಡಿ ಆನ್ ಮಾಡಿ ಕಡ್ಡಿ ತಳ್ಳಿದಳು. ಕುರ್ಚಿ ಹೊರಟೇಬಿಟ್ಟಿತು!

"ಏಳ್ನೂರಡಿ ಮೇಸ್ತ್ರಿ, ದಾರಿ ಬಿಡ್ರಿ," ಎಂದಳು ಗಂಗಮ್ಮ.

ಸೋಮವಾರ ಅವಳು ಕಾಲೇಜಿಗೆ ಹೊರಟಾಗ ಇಪ್ಪತ್ತು ಹೆಜ್ಜೆ ಹಿಂದೆ ನಾನೂ ನಡೆದೆ. ಇಳಿಜಾರಿನಲ್ಲಿ ಎದುರಿಗೆ ಕುರಿ ಹಿಂಡು ಬಂತು. ಅವಳು ಕಡ್ಡಿಯಿಂದ ಕೈ ತೆಗೆದಳು. ಕುರ್ಚಿ ಇಳಿಜಾರಿನಲ್ಲೇ ಗಟ್ಟಿಯಾಗಿ ನಿಂತಿತು. ಲಿವರ್ ಎತ್ತಿದಂತೆಯೇ ಇದ್ದಿದ್ದರೆ, ಬ್ರೇಕಿಲ್ಲದೆ ಇಳಿಜಾರಿನುದ್ದಕ್ಕೂ ಉರುಳಿ ಹೋಗುತ್ತಿತ್ತು. ಕುರಿಗಳು ಕುರ್ಚಿಯ ಎರಡೂ ಪಕ್ಕಕ್ಕೆ ಕವಲೊಡೆದು ಹೋದವು. ಅವಳು ತಿರುಗಿ ನೋಡಿದಳು.

"ಅಜ್ಜಾ, ಇನ್ನ ಮನೀಗೆ ಹೋಗು. ಹುಡುಗೀರು ನಗ್ತಾರೆ."

ಹೋದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ನಮ್ಮ ಹುಡುಗಿ ಒಬ್ಬಳೇ ಕಾಲೇಜಿಗೆ ಹೋದಳು ಎಂದು ಹೇಳಿಕೊಂಡೇ ಹೋದೆ.

ಅಂಗಡಿಯಲ್ಲಿ ರೈತರು ಮೋಟಾರು ಹೇಗೆ ಸದ್ದು ಮಾಡಿತು ಎಂದು ಹೇಳಲು ಬಂದರೆ, ನನಗೆ ಗೊತ್ತು ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಮಗನಿಗೆ ಒಂದೇ ಮಾತು ಹೇಳಿದ್ದೇನೆ: "ಬಿಚ್ಚೋಕ್ ಮುಂಚೆ ಓಡ್ಸೋರನ್ನ ಕೇಳಪ್ಪ."