ದ್ವೀಪ ದ್ವೀಪಕ್ಕೂ ಕುಸ್ವಾರ್ ಹಂಚಿ ಬಂದ ಜೋಸ್ಫಿನ್ ಬಾಯಿ

ಮಸೀದಿಯ ಬೆಳಗಿನ ಬಾಂಗ್ ಮುಗಿದಿದೆ. ಗಲ್ಫ್ ನಾಡಿನ ಮಿರ್ದಿಫ್‌ನ ಮನೆಯೊಂದರಲ್ಲಿ ಜೋಸ್ಫಿನ್ ಬಾಯಿ ಕಾವಲಿಗೆ ನೀರುದೋಸೆ ಹೊಯ್ಯುತ್ತಿದ್ದಾರೆ. ಎಂಟು ವರ್ಷದ ಮಿನ್ಹಾ ಬಂದು ಶೂ ಹಾಕಿದ ಕಾಲನ್ನು ಮುಂದೆ ಚಾಚುತ್ತಾಳೆ. ಲೇಸು ಕಟ್ಟಲು ಅವಳಿಗೆ ಬರುತ್ತದೆ. ಆದರೂ ಬಾಯಿ ಸಟ್ಟುಗ ಕೆಳಗಿಟ್ಟು ನೆಲಕ್ಕೆ ಕೂರುತ್ತಾರೆ. ದೋಸೆಯ ಅಂಚು ಕೆಂಪಾಗುತ್ತದೆ.

ಕಿನ್ನಿಗೋಳಿ ಕಡೆಯ ಜೋಸ್ಫಿನ್ ಈ ಬ್ಯಾರಿ ಕುಟುಂಬದ ಮನೆಗೆಲಸಕ್ಕೆ ಬಂದಾಗ ಮಿನ್ಹಾ ಇನ್ನೂ ತೊಟ್ಟಿಲಲ್ಲಿದ್ದಳು. ತಾಯಿ ಫರ್ಝಾನ ಕ್ಲಿನಿಕ್ ಕೆಲಸಕ್ಕೆ, ತಂದೆ ನಿಯಾಝ್ ದೇರಾದ ಮಸಾಲೆ ಅಂಗಡಿಗೆ ಹೊರಟ ಮೇಲೆ ಮಗುವನ್ನು ಮೀಯಿಸಿ, ಉಣ್ಣಿಸಿ, ಮಲಗಿಸಿದ್ದೆಲ್ಲ ಇದೇ ಕೈ. ಮಾರ್ಚ್‌ನಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿ ಅವರು ಊರಿಗೆ ಹೊರಡುತ್ತಾರೆ. ಮಗಳು ಟೀನಾಳಿಗೆ ಹೆರಿಗೆ ಹತ್ತಿರ.

"ಟೀನಾಳನ್ನು ಸಾಕಿದ್ದು ನನ್ನ ಅಮ್ಮ. ಅವಳ ಮಗುವನ್ನಾದ್ರೂ ನಾನೇ ಮೀಯಿಸ್ಬೇಕು ಅಂತ ಉಂಟು," ಎನ್ನುತ್ತಾರೆ. ಬೇರೆ ಆಸೆ ಕೇಳಿದರೆ ನಗುತ್ತಾರೆ.

ಹೋಗುವ ಮೊದಲು ಒಮ್ಮೆ ಜೊತೆಗೆ ಎಲ್ಲಾದರೂ ಸುತ್ತಿ ಬರಬೇಕೆಂದು ಡಿಸೆಂಬರ್ ರಜೆಯಲ್ಲಿ ನಿಯಾಝ್ ಎಲ್ಲರನ್ನೂ ನಿಕರಾಗುವಾಕ್ಕೆ ಕರೆದೊಯ್ದರು. ಅಲ್ಲಿ ಸಮುದ್ರದಂಥ ಒಂದು ಸಿಹಿನೀರಿನ ಸರೋವರ. ಹಿಂದೆಂದೋ ಜ್ವಾಲಾಮುಖಿ ಉರುಳಿಸಿದ ಬಂಡೆಗಳೇ ಅದರಲ್ಲಿ ಪುಟ್ಟ ಪುಟ್ಟ ದ್ವೀಪಗಳಾಗಿವೆ. ಒಂದರಲ್ಲಿ ಒಂದೇ ಮನೆ, ಒಂದೇ ಮಾವಿನ ಮರ. ಮತ್ತೊಂದರಲ್ಲಿ ಬರೀ ಕೊಕ್ಕರೆಗಳು.

ಮಿರ್ದಿಫ್‌ನಲ್ಲೇ ಕರಿದ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳಾದ ನೆವ್ರಿ, ಕಿಡಿಯೊ, ಚಕ್ಕುಲಿಗಳ ಡಬ್ಬವನ್ನು ಬಾಯಿ ಜೊತೆಗೆ ಒಯ್ದಿದ್ದರು. ಹಬ್ಬದ ಮುಂಚಿನ ದಿನ ನೆರೆಮನೆಗಳಿಗೆ ಕೊಡದೆ ತಾನು ತಿನ್ನುವುದುಂಟೇ? ದ್ವೀಪ ದ್ವೀಪಕ್ಕೂ ಹೋಗಬೇಕೆಂದು ದೋಣಿಯವನಿಗೆ ಕೊಂಕಣಿಯಲ್ಲಿ ಹೇಳಿ, ಕೈಯಲ್ಲೂ ತೋರಿಸಿದರು. ಅವನು ಸ್ಪ್ಯಾನಿಷ್‌ನಲ್ಲಿ ಒಪ್ಪಿಕೊಂಡು ಹುಟ್ಟು ಹಾಕಿದ.

"ಊರಲ್ಲಾದ್ರೆ ಗದ್ದೆ ಬದುವಿನಲ್ಲಿ ನಡೀತೇವೆ, ಅಲ್ಲಿ ದೋಣಿ. ಅಷ್ಟೇ. ಒಬ್ಬಳು ಅಜ್ಜಿ ಬಟ್ಟಲು ಖಾಲಿ ಕೊಡ್ಲಿಲ್ಲ, ಬಾಳೆಹಣ್ಣು ಇಟ್ಟು ಕೊಟ್ಳು. ಅವರಿಗೂ ಕ್ರಮ ಗೊತ್ತುಂಟು."

ದ್ವೀಪಗಳು ಮುಗಿಯುವ ಮೊದಲೇ ಡಬ್ಬ ಮುಗಿಯಿತು. ಮನೆಯವರಿಗೆಂದು ತೆಗೆದಿಡಲು ಬಾಯಿ ಮರೆತೇಬಿಟ್ಟಿದ್ದರು. ನಿಯಾಝ್ ಡಬ್ಬದ ತಳ ತಟ್ಟಿ, "ಬಾಯಿ, ನಮಗೆ ಮಾತ್ರ ಮಾಫೀನಾ, ಏನೂ ಇಲ್ವಾ?" ಎಂದು ಕಾಲೆಳೆದರಂತೆ.

ವಾಪಸು ಹೊರಡುವಾಗ ಮಿನ್ಹಾ ಬಾಯಿಯ ಕೈ ಸರಿಸಿ, ಲೈಫ್ ಜಾಕೆಟ್ಟಿನ ಕೊಕ್ಕೆಗಳನ್ನು ತಾನೇ ಹಾಕಿಕೊಂಡಳು. ಫರ್ಝಾನ ಖುಷಿಯಿಂದ, ಮಗಳು ದೊಡ್ಡವಳಾದಳು, ಇನ್ನು ಬಾಯಿಯನ್ನು ಧೈರ್ಯವಾಗಿ ಊರಿಗೆ ಬಿಡಬಹುದು ಎಂದರು. ಆ ಮಾತಿಗೆ ಎಲ್ಲರೂ ನಕ್ಕರು, ಮಿನ್ಹಾ ಒಬ್ಬಳನ್ನು ಬಿಟ್ಟು.

ಅಲ್ಲಿಂದ ಬಂದ ಮೇಲೆ ಮಿನ್ಹಾಳಿಗೆ ಗುಂಡಿ ಹಾಕಲು ಬರುವುದಿಲ್ಲ, ಮೀನಿನ ಮುಳ್ಳು ತೆಗೆಯಲು ಬರುವುದಿಲ್ಲ. ಫರ್ಝಾನ ಗದರುತ್ತಾರೆ. ಬಾಯಿ ಗದರುವುದಿಲ್ಲ. ಮಾರ್ಚ್ ತಿಂಗಳ ಮಾತು ಬಂದರೆ ಮಗು ಎದ್ದು ಹೋಗುತ್ತದೆ. ಏನಾದರೂ ಕೇಳಲಿ, ಹೇಳೋಣ ಎಂದು ಬಾಯಿಯೂ ಕಾಯುತ್ತಿದ್ದಾರೆ. ಮಗು ಕೇಳಿಲ್ಲ.

ಇವತ್ತು ಗೇಟಿನ ಹೊರಗೆ ಇಬ್ಬರೂ ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದಾರೆ. ತಿರುವಿನಲ್ಲಿ ಬಸ್ಸು ಕಾಣಿಸುತ್ತದೆ. ಚೀಲ ಏರಿಸಿ, ಕೆನ್ನೆ ಒರೆಸಿ, "ಯಲ್ಲಾ ಮಗಾ, ಹೊರಡು," ಎನ್ನುತ್ತಾರೆ ಬಾಯಿ. ಮಿನ್ಹಾ ಕೈ ಬಿಡುವುದಿಲ್ಲ. ಬಸ್ಸಿನ ಬಾಗಿಲು ತೆರೆಯುತ್ತದೆ.

"ಬಾಯಿ," ಎನ್ನುತ್ತಾಳೆ ನೆಲ ನೋಡುತ್ತ, "ನಂಗೆ ಏನೂ ಬಾರದಿದ್ರೆ ನೀವು ಇಲ್ಲೇ ಇರ್ತೀರಾ?"