ನರಸೀಪುರದ ಬಸ್ಸಿನಲ್ಲಿ ಕಲಿಸಿದ ಇಂಗ್ಲಿಷು

ಈಗಲೂ ಬೆಳಿಗ್ಗೆ ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿದ ತಕ್ಷಣ ನಾನು ಮಾಡುವ ಮೊದಲ ಕೆಲಸವೆಂದರೆ ಬ್ಯಾಗನ್ನು ಪಕ್ಕದ ಸೀಟಿನ ಮೇಲೆ ಇಡುವುದು. "ಯಾರಾರಾ ಬತ್ತಾರಾ ಮೇಡಂ?" ಎಂದು ಕೇಳಿದವರಿಗೆ ಹೂಂ ಅಂದುಬಿಡುತ್ತೇನೆ. ಆಮೇಲೆ ನಾಚಿಕೆಯಾಗಿ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತೇನೆ. ಬರುವವರು ಯಾರೂ ಇಲ್ಲ. ಬರುತ್ತಿದ್ದವಳು ಬರುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು.

ನಾನು ನರಸೀಪುರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರು. ಅವಳು ದೇವನೂರಿನ ಸೊಸೆ, ಹೆಮ್ಮಿಗೆ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅಂದರೆ, ಜೂನ್ ಬಂದಾಗ ಮತ್ತೆ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ ಎನ್ನುವಂಥ ಕೆಲಸ. ದೇವನೂರಿನಿಂದ ಒಂದು ಬಸ್ಸು, ನಂಜನಗೂಡಿನಿಂದ ನನ್ನ ಜೊತೆ ಇನ್ನೊಂದು, ನರಸೀಪುರದಲ್ಲಿ ಇಳಿದ ಕೂಡಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರನೆಯದಕ್ಕೆ ಓಟ. ನಮ್ಮ ಸ್ನೇಹವೆಲ್ಲ ಆ ನಡುವಿನ ಬಸ್ಸಿನಲ್ಲೇ ಆದದ್ದು. ಹೊರಗೆ ನಾವು ಒಂದು ಲೋಟ ಕಾಫಿಯನ್ನೂ ಜೊತೆಯಲ್ಲಿ ಕುಡಿದವರಲ್ಲ.

ಕಾಯಂ ಕೆಲಸದ ಪರೀಕ್ಷೆಗೆ ಕೂರಲು ಅವಳಿಗೆ ಅದೇ ಕೊನೆಯ ವರ್ಷವಾಗಿತ್ತು, ಅದು ದಾಟಿದರೆ ವಯಸ್ಸು ಮೀರುತ್ತಿತ್ತು. ಮಿಕ್ಕ ವಿಷಯಗಳೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಇಂಗ್ಲಿಷ್ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. "ಮುಕ್ಕಾಲು ಗಂಟೆ ಸುಮ್ನೆ ಕೂತಿರ್ತೀವಲ್ಲ ಮಿಸ್, ನೀವೇ ಹೇಳ್ಕೊಡಿ" ಅಂದಳು. ನನಗೂ ಅಷ್ಟೇ ಬೇಕಾಗಿತ್ತು. ಪಾಠ ಹೇಳುವುದೆಂದರೆ ನನಗೆ ನಾಲಿಗೆ ತುರಿಸುತ್ತದೆ.

ಅವಳಿಗೆ ಎಲ್ಲಕ್ಕಿಂತ ಕಾಟ ಕೊಟ್ಟದ್ದು ಬಾಲವಿರುವ ಕ್ರಿಯಾಪದಗಳು. ಗಿವ್ ಅಂದರೆ ಕೊಡು. ಅದರ ಹಿಂದೆ ಅಪ್ ಬಂದು ಕೂತರೆ ಕೊಡುವುದು ಹೋಗಿ ಬಿಟ್ಟುಬಿಡುವುದು ಆಗುತ್ತದೆ. ಲುಕ್ ಅಂದರೆ ನೋಡು, ಆಫ್ಟರ್ ಸೇರಿದರೆ ನೋಡಿಕೊಳ್ಳುವುದು. "ಇದ್ಯಾವ ಸೀಮೆ ಭಾಷೆ ಮಿಸ್, ಕೊಡೋದೂ ಬಿಡೋದೂ ಒಂದೇನಾ?" ಎಂದು ಮುನಿಸಿಕೊಳ್ಳುತ್ತಿದ್ದಳು. ನಮ್ಮಲ್ಲಿ ಬಿಡು, ಬಿಟ್ಟುಬಿಡು, ನೋಡು, ನೋಡಿಕೋ ಇಲ್ಲವೇನೇ ಎಂದು ನಾನು ಗದರುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅವಳು ನಕ್ಕರೆ ಇಳಿದೂ ಹೋಗುತ್ತಿತ್ತು.

ಹಾಗಾಗಿ ಒಂದು ಕಟ್ಟಳೆ ಮಾಡಿದೆ. ದಿನಕ್ಕೆ ಐದು ವಾಕ್ಯ. ಪ್ರತಿಯೊಂದೂ ಐ ವಾಂಟ್ ಟು, ಐ ಹ್ಯಾವ್ ಟು, ಐ ಹೋಪ್ ಟು ಹೀಗೆ ಶುರುವಾಗಬೇಕು. 'ಟು' ಆದಮೇಲೆ ಕ್ರಿಯಾಪದ ಇಂಗು ಎಡ್ಡು ಹಚ್ಚಿಕೊಳ್ಳದೆ ಬರಿಮೈಯಲ್ಲಿ ಬರಬೇಕು, ಅಪ್ಪು ಆಫ್ಟರಿನಂಥ ಬಾಲ ಮಾತ್ರ ಉದುರಬಾರದು. ಗೈಡಿನಿಂದ ಕದಿಯುವ ಹಾಗಿಲ್ಲ, ಸ್ವಂತ ಬದುಕಿನಿಂದಲೇ ತರಬೇಕು. ಐದೂ ಮುಗಿಯುವ ಮುಂಚೆ ಕನ್ನಡ ಆಡಿದವರು ಕಿಟಕಿ ಸೀಟು ಬಿಟ್ಟುಕೊಡಬೇಕು.

ಎಂಥೆಂಥ ವಾಕ್ಯ ತರುತ್ತಿದ್ದಳು! ಐ ಹ್ಯಾವ್ ಟು ಗೆಟ್ ಅಪ್ ಎಟ್ ಫೋರ್. ಐ ಹ್ಯಾವ್ ಟು ಲುಕ್ ಆಫ್ಟರ್ ಫೋರ್ ಕೌಸ್. ಅವಳ ಚಿಕ್ಕಮಾವ ನರಸೀಪುರದ ಬೀಜ ಗೊಬ್ಬರದ ಅಂಗಡಿಗೆ ಹೋಗಲು ಅದೇ ಬಸ್ಸಿಗೆ ಬರುತ್ತಿದ್ದರು, ಎರಡು ಸೀಟು ಹಿಂದೆ ಕೂರುತ್ತಿದ್ದರು. ಅವರಿಗೆ ಇಂಗ್ಲಿಷಿನ ಗಂಧವಿಲ್ಲ. ಒಮ್ಮೆ ಹಿಂದೆ ತಿರುಗಿ ಅವರಿಗೊಂದು ನಗೆ ಕೊಟ್ಟು, ಐ ಹ್ಯಾವ್ ಟು ಪುಟ್ ಅಪ್ ವಿತ್ ಹಿಸ್ ಸ್ನೋರಿಂಗ್ ಅಂದಳು. ಅವರ ಗೊರಕೆಯನ್ನು ನಾನು ಸಹಿಸಿಕೊಳ್ಳಬೇಕು ಎಂದು! ಅವರು ಪಾಪ, "ಓದ್ಕಳವ್ವ ಓದ್ಕೊ" ಎಂದು ತಲೆಯಾಡಿಸಿದರು. ನನಗೆ ನಗು ತಡೆಯಲಾಗದೆ ಕೆಮ್ಮು ಬಂತು. ಆ ನಗು ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ, ಸ್ಟಾಫ್ ರೂಮಿನಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಅದಕ್ಕಾಗಿ ಜೀವ ಹಂಬಲಿಸುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಅವಳ ವಾಕ್ಯಗಳು ಬದಲಾದವು. ಒಂದು ದಿನ, ದೇ ವಾಂಟ್ ಮಿ ಟು ಗಿವ್ ಅಪ್ ಮೈ ಜಾಬ್ ಅಂದಳು. ನಾನು ಕೆಲಸ ಬಿಟ್ಟುಬಿಡಲಿ ಅಂತಿದ್ದಾರೆ ಮನೆಯವರು. ನಾನು "ಭೇಷ್!" ಅಂದೆ. ವಾಂಟ್ ಆದಮೇಲೆ ಇನ್ನೊಬ್ಬರನ್ನು ತಂದು ಕೂರಿಸಿ ಆಮೇಲೆ 'ಟು' ಹೇಳುವುದನ್ನು ನಾನು ಹಿಂದಿನ ವಾರವಷ್ಟೇ ಕಲಿಸಿದ್ದೆ. ಎರಡು ದಿನ ಬಿಟ್ಟು, ಐ ನೀಡ್ ಸಮ್‌ಬಡಿ ಟು ಸ್ಪೀಕ್ ಅಪ್ ಫಾರ್ ಮಿ ಅಂದಳು. ನನ್ನ ಪರವಾಗಿ ಯಾರಾದರೂ ಬಾಯಿ ತೆರೆಯಬೇಕು ಎಂದು. ಅವತ್ತು ಅವಳ ಕೈ ಕುಲುಕಿದೆ. ಮರುದಿನ ಕಿಟಕಿಯ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಾ, ಐ ವಾಂಟ್ ಯು ಟು ಕಮ್ ಓವರ್ ಆನ್ ಸಂಡೇ ಅಂದಳು. ಭಾನುವಾರ ನೀವು ನಮ್ಮ ಮನೆಗೆ ಬನ್ನಿ ಎಂದು ಅದರ ಅರ್ಥ. ಕೇಳಿದ ನಾನು ಏನಂದೆ ಗೊತ್ತೇ?

"ಪರ್ಫೆಕ್ಟ್. ನೆಕ್ಸ್ಟ್."

ಅವಳು ಕಿಟಕಿಯ ಕಡೆ ತಿರುಗಿ ಆ ದಿನದ ಮುಂದಿನ ವಾಕ್ಯ ಹೇಳಿದಳು. ಅದೇನೆಂದು ನನಗೆ ನೆನಪಿಲ್ಲ.

ಯುಗಾದಿಯ ಹೊತ್ತಿಗೆ ಅವಳು ಬಸ್ಸಿಗೆ ಬರುವುದು ನಿಂತಿತು. ಜ್ವರವಿರಬೇಕು ಅಂದುಕೊಂಡೆ. ಒಂದು ವಾರವಾಯಿತು, ಎರಡಾಯಿತು. ಕೊನೆಗೆ ಚಿಕ್ಕಮಾವನನ್ನೇ ಕೇಳಿದೆ. "ಇನ್ ಬರಾಕಿಲ್ಲ ಕಣ್ ಮೇಡಂ. ಮನೇಲೇ ಅಸ ಕರ ನೋಡ್ಕಂಡವ್ಳೆ" ಅಂದರು. ಆಗ ನನಗೆ ಆ ಮೂರು ವಾಕ್ಯಗಳು ಒಂದರ ಹಿಂದೆ ಒಂದು ಕಿವಿಗೆ ಬಿದ್ದವು. ಅದುವರೆಗೆ ನಾನು ಕ್ರಿಯಾಪದದ ಬಾಲ ಹಿಡಿದುಕೊಂಡು ಕೂತಿದ್ದೆ.

ನಮ್ಮ ಕಡೆ ಸೊಸೆಯಾದವಳು ತನಗೆ ಬೇಕಾದದ್ದನ್ನು ತಾನೇ ಮಾವನ ಮುಂದೆ ನಿಂತು ಕೇಳುವುದಿಲ್ಲ. ಗೌರವಸ್ಥರು ಯಾರಾದರೂ ಎತ್ತಲೋ ಹೊರಟವರ ಹಾಗೆ ಬರಬೇಕು, ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಮಳೆ ಬೆಳೆ ವಿಚಾರಿಸಿ, ಏಳುವಾಗ ಒಂದು ಮಾತು ಹೇಳಬೇಕು. ಸೊಸೆಯೇ ಕರೆಸಿದ್ದು ಎಂದು ಗೊತ್ತಾದರೆ ಕೆಲಸ ಕೆಟ್ಟಿತು, ಮನೆಯ ವಿಷಯ ಬೀದಿಗೆ ತಂದಳು ಅನ್ನುತ್ತಾರೆ. ಅವಳ ಫೋನು ಮನೆಮಂದಿಯೆಲ್ಲರ ಕೈಯಲ್ಲೂ ಓಡಾಡುತ್ತಿತ್ತು. ಬಸ್ಸಿನಲ್ಲಿ ಬೆನ್ನ ಹಿಂದೆಯೇ ಚಿಕ್ಕಮಾವ. ಅವಳಿಗೆ ಗುಟ್ಟಾಗಿ ಕೇಳಲು ಇದ್ದದ್ದು ನಾನು ಕಲಿಸಿದ ಇಂಗ್ಲಿಷ್ ಒಂದೇ.

ಇದೆಲ್ಲ ನನಗೆ ತಿಳಿಯದ್ದೇನಲ್ಲ. ತಗಡೂರಿನಲ್ಲಿ ನಮ್ಮ ತಾತ ನನ್ನ ಓದು ನಿಲ್ಲಿಸಲು ಹೊರಟಾಗ, ಪ್ರೈಮರಿ ಶಾಲೆಯ ಟೀಚರಮ್ಮ ಹೀಗೇ ಬಂದು ಕೂತು ಹೇಳಿದ ಒಂದು ಮಾತಿನಿಂದ ನಾನು ಕಾಲೇಜಿನ ಮೆಟ್ಟಿಲು ಹತ್ತಿದವಳು. ಅಂಥ ನನಗೇ ಹೊಳೆಯಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಚಿಕ್ಕಮಾವನನ್ನು ಕೇಳಿದ ಆ ವಾರದ ಭಾನುವಾರವೇ ದೇವನೂರಿಗೆ ಹೋದೆ. ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಓಡಿ ಬಂದ ಅವಳು ನನ್ನನ್ನು ಕಂಡು ಮುಖ ಅರಳಿಸಿದಳು. ಆ ಮುಖ ನೋಡಿದ ಮೇಲಂತೂ ನನಗೆ ಕೂರಲಾಗಲಿಲ್ಲ. ಅತ್ತೆ ಚಾಪೆ ಹಾಸಿ, ಕಾಫಿ ಕೊಟ್ಟು, ಬಾಳೆಹಣ್ಣು ತಂದಿಟ್ಟರು. ಒಳ್ಳೆಯ ಹೆಂಗಸು. ಏಳುವಾಗ ನಾನು ನನ್ನ ಮಾತು ಹೇಳಿದೆ: ಹುಡುಗಿ ಜಾಣೆ, ಪರೀಕ್ಷೆಗೆ ಕೂರಿಸಿ.

"ಅಯ್ಯೋ, ಅರ್ಜಿ ಆಕೋ ದಿನ ಓದ್ ವಾರವೇ ಮುಗ್ದೋಯ್ತಂತಲ್ಲವ್ವ" ಅಂದರು ಅತ್ತೆ. "ನೀವು ಒಂದ್ ತಿಂಗ್ಳು ಮುಂಚೆ ಬಂದು ಈ ಮಾತ್ ಏಳಿದ್ರೆ ನಮ್ ಯಜಮಾನ್ರು ತಗ್ದಾಕ್ತಿರ್ನಿಲ್ಲ. ಟೀಚರಮ್ಮೋರೇ ಬಂದವ್ರೆ ಅಂತ ಒಪ್ಕಳೋರು. ಯಾರೂ ಬರ್ನಿಲ್ಲ, ಯಾರೂ ಕೇಳ್ನಿಲ್ಲ. ಇವ್ಳಿಗೇ ಮನ್ಸಿಲ್ವೇನೋ ಅನ್ಕಂಡೊ."

ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಬಸ್ಸಿನ ತನಕ ನನ್ನನ್ನು ಬಿಡಲು ಬಂದಳು. ದಾರಿಯಲ್ಲಿ ನಾನೇ ಬಾಯಿ ಬಿಟ್ಟೆ. ನನ್ನದು ತಪ್ಪಾಯಿತು, ನೀನು ಕೇಳಿದ್ದು ನನಗೆ ತಿಳಿಯಲೇ ಇಲ್ಲ, ಕ್ಷಮಿಸು ಅಂದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳಿಗೆ ಕೋಪವೇ ಇರಲಿಲ್ಲ. ಮೂರು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಒಂದು ಅನುಮಾನವಿತ್ತು ಅಷ್ಟೇ.

"ನಾನು ಹೇಳಿದ್ದು ಸರಿಯಾಗಿತ್ತಾ ಮಿಸ್?" ಎಂದು ಕೇಳಿದಳು. "ಇಂಗ್ಲಿಷ್ನಲ್ಲಿ ಎಲ್ಲೋ ತಪ್ಪು ಮಾಡಿದ್ದೆ, ಅದಕ್ಕೇ ನಿಮಗೆ ಅರ್ಥ ಆಗ್ಲಿಲ್ಲ ಅನ್ಕೊಂಡಿದ್ದೆ."

ಒಂದು ತಪ್ಪೂ ಇರಲಿಲ್ಲ ಕಣೇ, ಅಂದೆ.